ಹೆಸರು ಓದುವ ಹೊತ್ತು: ಮಡಿದ ಯೋಧರನ್ನು ನೆನೆದು ಯುದ್ಧ ಬೇಡವೆನ್ನುವ ಮೌನ ಜಾಗರಣೆ ನಡೆಯುವ ಬಗೆ

ಸಾಂಟಾ ಬಾರ್ಬರಾ ಕ್ಯಾಲಿಫೋರ್ನಿಯಾದ ಕಡಲಂಚಿನ ಊರು. ಅಲ್ಲಿನ ಸ್ಟರ್ನ್ಸ್ ವಾರ್ಫ್ ಎಂಬ ಹಳೆಯ ಹಡಗುಕಟ್ಟೆಯ ಪಕ್ಕದ ಮರಳಿನಲ್ಲಿ 2003ರ ನವೆಂಬರ್‌ನ ಒಂದು ಭಾನುವಾರ 340 ಬಿಳಿ ಶಿಲುಬೆಗಳು ಎದ್ದವು. ಇರಾಕ್ ಯುದ್ಧದಲ್ಲಿ ಸತ್ತ ಒಬ್ಬೊಬ್ಬ ಅಮೆರಿಕನ್ ಸೈನಿಕನ ಲೆಕ್ಕಕ್ಕೆ ಒಂದೊಂದು. ಮೂರಡಿಗೊಂದು ಶಿಲುಬೆ, ನಾಲ್ಕಡಿಗೊಂದು ಸಾಲು ಎಂದು ಹಿಡಿದರೆ 340ಕ್ಕೆ ನಾಲ್ಕು ಗುಂಟೆ ಜಾಗವೂ ಬೇಡ. ಎಂಟು ವರ್ಷದ ನಂತರ ಅಮೆರಿಕದ ಸೇನೆ ಇರಾಕ್ ಬಿಟ್ಟು ಹೊರಟಾಗ ಸತ್ತ ಸೈನಿಕರ ಸಂಖ್ಯೆ ಸುಮಾರು 4,500. ಅದೇ ಅಳತೆಯಲ್ಲಿ ನೆಟ್ಟರೆ ಒಂದು ಎಕರೆ ಹತ್ತು ಗುಂಟೆ ಬೇಕು. ಅಂಕಿಯಾಗಿ ಓದಿದಾಗ ತಲೆಗೆ ಹತ್ತದ ಸಂಗತಿ, ಸಾಲುಗಳ ನಡುವೆ ನಡೆಯುವವರ ಕಾಲಿಗೆ ಗೊತ್ತಾಗುತ್ತಿತ್ತು.

ಈ ಮರಳಿನ ಸ್ಮಶಾನಕ್ಕೆ ‘ಆರ್ಲಿಂಗ್ಟನ್ ವೆಸ್ಟ್’ ಎಂದು ಹೆಸರಾಯಿತು. ವಾಷಿಂಗ್ಟನ್ ಎದುರಿನ ಆರ್ಲಿಂಗ್ಟನ್ ಸೈನಿಕ ಸ್ಮಶಾನದ ಪಶ್ಚಿಮದ ನೆರಳು ಎಂಬ ಅರ್ಥದಲ್ಲಿ. ಅದನ್ನು ಮುಂದುವರಿಸಿಕೊಂಡು ಬಂದವರು ‘ವೆಟರನ್ಸ್ ಫಾರ್ ಪೀಸ್’ ಸಂಘಟನೆಯ ಸ್ಥಳೀಯ ಶಾಖೆಯವರು. 1985ರಲ್ಲಿ ಹುಟ್ಟಿದ ಇದು ಮಾಜಿ ಸೈನಿಕರ ಸಂಘಟನೆ. ಎಂದರೆ ಶಿಲುಬೆ ನೆಡುತ್ತಿದ್ದವರಲ್ಲಿ ಹಲವರು ತಾವೇ ಸಮವಸ್ತ್ರ ತೊಟ್ಟು, ಯುದ್ಧ ನೋಡಿ ಬಂದವರು. 2004ರ ಫೆಬ್ರವರಿಯಿಂದ ಸಾಂಟಾ ಮೋನಿಕಾದ ಕಡಲತೀರದಲ್ಲೂ ಪ್ರತಿ ಭಾನುವಾರ ಇದೇ ಕೆಲಸ ಶುರುವಾಯಿತು.

ಯೋಧನಿಗೆ ಗೌರವ, ಯುದ್ಧಕ್ಕೆ ವಿರೋಧ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಹೇಗೆ ಎಂದು ನಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ನಮ್ಮ ವೀರಗಲ್ಲುಗಳು ಮೊದಲನೆಯದನ್ನು ಮಾಡುತ್ತವೆ. ಬೇಗೂರಿನ ಕಲ್ಲು ಸಾವಿರಕ್ಕೂ ಹೆಚ್ಚು ವರ್ಷದಿಂದ ಬೆಂಗಳೂರು ಕಾಳಗದಲ್ಲಿ ಸತ್ತವನ ನೆನಪನ್ನು ಹಿಡಿದುಕೊಂಡಿದೆ. ಆದರೆ ಆ ಕಾಳಗ ಬೇಕಿತ್ತೇ ಎಂದು ಕಲ್ಲು ಕೇಳುವುದಿಲ್ಲ. ಅಮೆರಿಕದ ಊರೂರಿನ ಜಾಗರಣೆಗಳು, ಎಂದರೆ ಜನ ಬೀದಿಯಂಚಿನಲ್ಲೋ ಚೌಕದಲ್ಲೋ ಮೇಣದಬತ್ತಿ ಹಿಡಿದು ಮೌನವಾಗಿ ನಿಲ್ಲುವ ಕೂಟಗಳು, ಹೆಸರನ್ನೂ ಉಳಿಸಿ, ಆ ಪ್ರಶ್ನೆಯನ್ನೂ ಕೇಳಿದವು. ಎರಡರಲ್ಲಿ ಒಂದು ಇನ್ನೊಂದನ್ನು ನುಂಗದಂತೆ ನೋಡಿಕೊಳ್ಳುವುದೇ ಇಲ್ಲಿನ ಕಷ್ಟ. ಸಾಲಿನ ಅಂತರ, ಫಲಕದ ಮಾತು, ಮೇಣದಬತ್ತಿಯ ಲೋಟ, ಗಂಟೆಯ ಸದ್ದು ಎಲ್ಲವೂ ಆ ಕಷ್ಟಕ್ಕೆ ಕಂಡುಕೊಂಡ ಉತ್ತರಗಳು.

ಕಾಣದ ಶವಪೆಟ್ಟಿಗೆಗಳು

ಇರಾಕ್ ಯುದ್ಧ 2003ರ ಮಾರ್ಚ್ 20ರಂದು ಶುರುವಾಯಿತು. ಅದಕ್ಕೆ ನಾಲ್ಕು ದಿನ ಮುಂಚೆ ಜಗತ್ತಿನ ಸಾವಿರಾರು ಕಡೆ ಜನ ಮೇಣದಬತ್ತಿ ಹಿಡಿದು ನಿಂತಿದ್ದರು. ಅದು ಯುದ್ಧ ತಡೆಯುವ ಕೊನೆಯ ಪ್ರಯತ್ನ. ಯುದ್ಧ ಶುರುವಾದ ಮೇಲೆ ಜಾಗರಣೆಯ ಅರ್ಥವೇ ಬದಲಾಯಿತು, ಯಾಕೆಂದರೆ ಸಾವುಗಳು ಬರತೊಡಗಿದ್ದವು, ಆದರೆ ಕಾಣುತ್ತಿರಲಿಲ್ಲ.

ಸತ್ತ ಸೈನಿಕರ ದೇಹಗಳು ಡೆಲವೇರ್ ರಾಜ್ಯದ ಡೋವರ್ ವಾಯುನೆಲೆಗೆ ಬಂದಿಳಿಯುತ್ತವೆ. ಅಲ್ಲಿ ಶವಪೆಟ್ಟಿಗೆಗಳ ಫೋಟೊ ತೆಗೆಯಲು ಮಾಧ್ಯಮಗಳಿಗೆ 1991ರಿಂದ ನಿಷೇಧವಿತ್ತು. 2009ರಲ್ಲಿ ಅದು ಸಡಿಲವಾಗಿ, ನಿರ್ಧಾರ ಕುಟುಂಬದ ಕೈಗೆ ಬಂತು. ನಡುವಿನ ವರ್ಷಗಳಲ್ಲಿ ದೇಶದ ಕಣ್ಣಿಗೆ ಬೀಳುತ್ತಿದ್ದುದು ಪತ್ರಿಕೆಯ ಮೂಲೆಯ ಎರಡು ಸಾಲಿನ ಸುದ್ದಿ ಮಾತ್ರ. 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತ ಮೇಲೆ ಬಹುಪಾಲು ಮನೆಗಳಿಗೆ ಸೈನ್ಯದ ಜೊತೆ ನೇರ ಸಂಬಂಧವೇ ಕಡಿದಿತ್ತು. ಪಕ್ಕದ ಬೀದಿಯ ಹುಡುಗ ಇರಾಕಿನ ಫಲ್ಲೂಜಾದಲ್ಲಿ ಸತ್ತರೂ ಊರಿಗೆ ಗೊತ್ತಾಗದಿರುವುದು ಸಾಧ್ಯವಿತ್ತು. ಜಾಗರಣೆ ಮಾಡಿದ ಮುಖ್ಯ ಕೆಲಸ ಆ ಸಾವನ್ನು ಊರಿನ ನಡುವೆ ತಂದು ನಿಲ್ಲಿಸಿದ್ದು.

ಇದಕ್ಕೊಂದು ಹಿಂದಿನ ಮಾದರಿಯಿತ್ತು. 1969ರ ನವೆಂಬರ್ 13ರ ಸಂಜೆ ವಿಯೆಟ್ನಾಂ ಯುದ್ಧದ ವಿರುದ್ಧ ‘ಸಾವಿನ ವಿರುದ್ಧ ನಡಿಗೆ’ ಹೊರಟಿತು. ಒಬ್ಬರ ಹಿಂದೊಬ್ಬರಂತೆ ಹತ್ತಾರು ಸಾವಿರ ಜನ, ಪ್ರತಿಯೊಬ್ಬರ ಕೊರಳಲ್ಲಿ ಒಬ್ಬ ಸತ್ತ ಸೈನಿಕನ ಅಥವಾ ನಾಶವಾದ ಹಳ್ಳಿಯ ಹೆಸರಿನ ಫಲಕ. ಶ್ವೇತಭವನದ ಎದುರು ಬಂದಾಗ ಆ ಹೆಸರನ್ನು ಗಟ್ಟಿಯಾಗಿ ಕೂಗಿ, ಮುಂದೆ ಸಂಸತ್ ಭವನದ ಬಳಿ ಶವಪೆಟ್ಟಿಗೆಯೊಳಗೆ ಫಲಕ ಹಾಕಬೇಕು. ಎರಡು ರಾತ್ರಿ ದಾಟಿ ಅದು ನಡೆಯಿತು. ಒಬ್ಬರಿಗೆ ಒಂದು ಹೆಸರು ಎಂಬ ಕ್ರಮ ಅಲ್ಲಿ ಗಟ್ಟಿಯಾಯಿತು.

ಇರಾಕ್ ವರ್ಷಗಳಲ್ಲಿ ಜಾಗರಣೆಯ ದಿನಾಂಕಗಳನ್ನು ಹೆಚ್ಚಾಗಿ ಸಾವೇ ನಿಗದಿ ಮಾಡಿತು. ಸಾವಿರನೆಯ ಸಾವು 2004ರ ಸೆಪ್ಟೆಂಬರ್‌ನಲ್ಲಿ, ಎರಡು ಸಾವಿರದ್ದು 2005ರ ಅಕ್ಟೋಬರ್ 25ರಂದು, ಮೂರು ಸಾವಿರದ್ದು 2006ರ ಕೊನೆಯ ದಿನ, ನಾಲ್ಕು ಸಾವಿರದ್ದು 2008ರ ಮಾರ್ಚ್ 23ರ ಈಸ್ಟರ್ ಭಾನುವಾರ. ಇವುಗಳ ನಡುವೆ 2005ರ ಆಗಸ್ಟ್ 17. ಮಗನನ್ನು ಇರಾಕ್‌ನಲ್ಲಿ ಕಳೆದುಕೊಂಡ ಸಿಂಡಿ ಶೀಹನ್ ಎಂಬ ತಾಯಿ ಅಧ್ಯಕ್ಷ ಬುಷ್ ಅವರ ಟೆಕ್ಸಾಸ್ ತೋಟದ ದಾರಿಯಲ್ಲಿ ಬಿಡಾರ ಹೂಡಿ, ನನ್ನ ಮಗ ಯಾವುದಕ್ಕಾಗಿ ಸತ್ತ ಎಂದು ಕೇಳುತ್ತಿದ್ದ ದಿನಗಳವು. ಅವರಿಗೆ ಬೆಂಬಲವಾಗಿ ಆ ಒಂದು ರಾತ್ರಿ ದೇಶದಲ್ಲಿ 1,600ಕ್ಕೂ ಹೆಚ್ಚು ಕಡೆ ಜಾಗರಣೆ ನಡೆಯಿತು. ಎಷ್ಟೋ ಕಡೆ ಹತ್ತೇ ಜನ, ಒಂದು ಚರ್ಚಿನ ಮೆಟ್ಟಿಲು, ಅಥವಾ ಸಿಗ್ನಲ್ ಇರುವ ಒಂದು ನಾಲ್ಕು ರಸ್ತೆ.

ಸಾವಿರ, ಎರಡು ಸಾವಿರದಂಥ ದುಂಡು ಸಂಖ್ಯೆಗೆ ಕಾಯುವುದರಲ್ಲಿ ಒಂದು ಕೆಡುಕಿದೆ. 999ನೆಯವನ ಮನೆಯವರಿಗೂ 1,001ನೆಯವನ ಮನೆಯವರಿಗೂ ಸಾವಿರ ಎಂಬುದಕ್ಕೆ ಅರ್ಥವಿಲ್ಲ. ಜೊತೆಗೆ, ಸಂಖ್ಯೆ ಹತ್ತಿರವಾದಂತೆ ಸಂಘಟಕರು ಒಂದು ಸಾವಿಗಾಗಿ ಕಾದು ಕುಳಿತಂತಾಗುತ್ತದೆ. ಅದಕ್ಕಾಗಿಯೇ ವಾರಕ್ಕೊಂದು ದಿನ, ಒಂದೇ ಗಂಟೆ, ಒಂದೇ ಜಾಗ ಎಂದು ಗೊತ್ತು ಮಾಡಿಕೊಂಡ ಊರುಗಳ ಜಾಗರಣೆ ಹೆಚ್ಚು ಗಟ್ಟಿ ಎಂದು ಹೇಳಬೇಕು. ನೋಡುವವರಿಗೂ ಅದು ರೂಢಿಯಾಗುತ್ತದೆ. ಒಂದು ವಾರ ಮುಖ ತಿರುಗಿಸಿ ಹೋದವರು ಆರನೆಯ ವಾರ ನಿಂತು ಹೆಸರು ಓದುತ್ತಾರೆ.

ಹೆಸರಿನ ಪಟ್ಟಿ

ಇಡೀ ಕೆಲಸದ ಬೆನ್ನೆಲುಬು ಇದು. ಅತಿ ಹೆಚ್ಚು ತಪ್ಪುಗಳಾಗುವುದೂ ಇಲ್ಲೇ.

ಸೈನಿಕನ ಸಾವನ್ನು ಮನೆಯವರಿಗೆ ತಿಳಿಸಿ 24 ಗಂಟೆ ಕಳೆದ ಮೇಲೆ ಅಮೆರಿಕದ ರಕ್ಷಣಾ ಇಲಾಖೆ ಹೆಸರನ್ನು ಪ್ರಕಟಿಸುತ್ತದೆ. ಹೆಸರು, ದರ್ಜೆ, ವಯಸ್ಸು, ಊರು, ದಳ, ಸತ್ತ ಜಾಗ ಮತ್ತು ದಿನ ಅದರಲ್ಲಿರುತ್ತವೆ. ಪಟ್ಟಿ ಮಾಡುವವರು ಇದಕ್ಕೇ ಕಾಯಬೇಕು. ಅದಕ್ಕೂ ಮುಂಚೆ ಊರಿನಲ್ಲಿ ಕೇಳಿಬಂದ ಹೆಸರನ್ನು ಓದಿದರೆ, ಆ ಯೋಧನ ತಂಗಿಗೋ ಅಜ್ಜಿಗೋ ಸುದ್ದಿ ಬೀದಿಯಿಂದ ಮುಟ್ಟುವ ಅಪಾಯವಿದೆ.

ಪ್ರಕಟಣೆಯಲ್ಲಿ ಕೊಡುವ ಊರು ಸೇನೆಗೆ ಸೇರುವಾಗ ದಾಖಲಾದದ್ದು. ತಂದೆ ತಾಯಿ ಈಗ ಇರುವುದು ಬೇರೆ ರಾಜ್ಯದಲ್ಲಿ, ಹೆಂಡತಿ ಮಕ್ಕಳು ಸೇನಾನೆಲೆಯ ಪಕ್ಕದ ಊರಿನಲ್ಲಿ ಎಂಬುದು ಸಾಮಾನ್ಯ. ‘ನಮ್ಮ ಊರಿನ ಮಗ’ ಎಂದು ಬರೆಯುವ ಮುನ್ನ ಸ್ಥಳೀಯ ಪತ್ರಿಕೆಯ ನಿಧನ ವಾರ್ತೆಯ ಜೊತೆ ತಾಳೆ ನೋಡಬೇಕು. ವಯಸ್ಸನ್ನು ಮರೆಯದೆ ಬರೆಯಬೇಕು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸುವುದು ಹೆಸರಿಗಿಂತ ಹೆಚ್ಚಾಗಿ ಅದರ ಮುಂದಿನ 19, 20, 22 ಎಂಬ ಅಂಕಿ.

ಯಾರನ್ನು ಸೇರಿಸಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಇರಾಕ್‌ನಲ್ಲಿ ಸತ್ತ ಅಮೆರಿಕನ್ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಶತ್ರುವಿನ ಗುಂಡು, ಬಾಂಬುಗಳಿಂದ ಸತ್ತವರಲ್ಲ. ವಾಹನ ಅಪಘಾತ, ಕಾಯಿಲೆ, ಆಕಸ್ಮಿಕವಾಗಿ ಹಾರಿದ ಗುಂಡು, ಆತ್ಮಹತ್ಯೆ ಇವೆಲ್ಲ ಅಧಿಕೃತ ಪಟ್ಟಿಯಲ್ಲಿ ಬೇರೆ ಕಲಮಿನಲ್ಲಿರುತ್ತವೆ. ಜಾಗರಣೆಯಲ್ಲಿ ಆ ಭೇದ ಮಾಡುವುದಿಲ್ಲ, ಮಾಡಲೂಬಾರದು. ಆದರೆ ಮನೆಗೆ ಮರಳಿದ ಮೇಲೆ ಪ್ರಾಣ ಕಳೆದುಕೊಂಡವರು ಅಧಿಕೃತ ಪಟ್ಟಿಯಲ್ಲೇ ಇಲ್ಲ. ಸೇನೆಯ ಗುತ್ತಿಗೆ ಕೆಲಸಕ್ಕೆ ಹೋಗಿ ಸತ್ತವರೂ ಇಲ್ಲ. ಈ ಹೆಸರುಗಳನ್ನು ಸೇರಿಸುವುದಾದರೆ ಕುಟುಂಬದವರು ಬಂದು ಕೊಟ್ಟಾಗ ಮಾತ್ರ, ಪ್ರತ್ಯೇಕ ಹಾಳೆಯಲ್ಲಿ ಸೇರಿಸುವುದು ಸರಿ. ಮುಖ್ಯ ಪಟ್ಟಿಯ ಅಂಕಿ ಅಧಿಕೃತ ಅಂಕಿಗೆ ತಾಳೆಯಾಗಲೇಬೇಕು. ಒಂದೇ ಒಂದು ಅಂಕಿ ಹೆಚ್ಚಾದರೂ ಎದುರಿನವರು ಇಡೀ ಜಾಗರಣೆಯನ್ನು ಸುಳ್ಳು ಎನ್ನುತ್ತಾರೆ.

ಇರಾಕಿನ ಜನರ ಸಾವಿಗೆ ಇಂಥ ಪಟ್ಟಿಯೇ ಇರಲಿಲ್ಲ. ಯಾವ ಸರಕಾರವೂ ಅವರ ಹೆಸರುಗಳನ್ನು ದಿನದಿನ ಪ್ರಕಟಿಸಲಿಲ್ಲ. ಸುದ್ದಿ ವರದಿಗಳನ್ನು ಕೂಡಿಸಿ ‘ಇರಾಕ್ ಬಾಡಿ ಕೌಂಟ್’ ಯೋಜನೆಯವರು 2011ರ ಹೊತ್ತಿಗೆ ದಾಖಲಿಸಿದ ನಾಗರಿಕ ಸಾವುಗಳೇ ಒಂದು ಲಕ್ಷ ದಾಟಿದ್ದವು. ಮೊದಲಿನ ಅಳತೆಯಲ್ಲಿ ಒಂದು ಲಕ್ಷಕ್ಕೆ ಗುರುತು ನೆಟ್ಟರೆ ಇಪ್ಪತ್ತೇಳೂವರೆ ಎಕರೆ ಬೇಕು. ಯಾವ ಊರಿನ ಚೌಕದಲ್ಲೂ ಅಷ್ಟು ಜಾಗವಿಲ್ಲ. ಯುದ್ಧವನ್ನು ಒಪ್ಪದ ಕ್ರೈಸ್ತ ಪಂಥವಾದ ಕ್ವೇಕರ್‌ರ ‘ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿ’ ಇದಕ್ಕೆ ಬೇರೊಂದು ದಾರಿ ಕಂಡುಕೊಂಡಿತು. 1917ರಲ್ಲಿ ಸ್ಥಾಪನೆಯಾದ, 1947ರ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ಸಂಸ್ಥೆ ಅದು. 2004ರ ಜನವರಿಯಲ್ಲಿ ಶಿಕಾಗೋ ನಗರದ ಫೆಡರಲ್ ಪ್ಲಾಜಾದಲ್ಲಿ 504 ಜೊತೆ ಸೇನಾ ಬೂಟುಗಳನ್ನು ಸಾಲಾಗಿ ಇಟ್ಟು, ಪ್ರತಿ ಜೊತೆಗೂ ಸತ್ತವರ ಹೆಸರಿನ ಚೀಟಿ ಕಟ್ಟಿತು. ಪ್ರದರ್ಶನ ಊರೂರು ತಿರುಗಿದಂತೆ ಇರಾಕಿ ನಾಗರಿಕರ ನೆನಪಿಗೆ ಸಾಮಾನ್ಯರ ಚಪ್ಪಲಿ, ಶೂಗಳೂ ಜೊತೆಯಾದವು. ಬೂಟಿನ ಸಾಲಿನ ಪಕ್ಕದಲ್ಲಿ ಒಂದು ಮಗುವಿನ ಶೂ ಇದ್ದರೆ ಬೇರೆ ವಿವರಣೆ ಬೇಕಿಲ್ಲ. 2007ರಿಂದ ಬೂಟುಗಳು ರಾಜ್ಯಗಳಿಗೆ ಹಂಚಿಹೋದವು. ಆಯಾ ರಾಜ್ಯದವರ ಬೂಟು ಅಲ್ಲಲ್ಲಿಯೇ.

ಇನ್ನು ಒಪ್ಪಿಗೆಯ ಮಾತು. ಸತ್ತವನ ಹೆಸರು ಸಾರ್ವಜನಿಕ ದಾಖಲೆ, ಅದನ್ನು ಓದಲು ಕಾನೂನಿನ ಅಡ್ಡಿಯಿಲ್ಲ. ಆದರೆ ಯುದ್ಧ ಸರಿ ಎಂದು ನಂಬಿ ಹೋದ ಮಗನ ಹೆಸರನ್ನು ಯುದ್ಧ ವಿರೋಧಿಗಳು ಬಳಸುವುದು ಎಷ್ಟೋ ತಂದೆ ತಾಯಿಯರಿಗೆ ನೋವು ತಂದಿತು. ಟೆಕ್ಸಾಸ್‌ನ ಶೀಹನ್ ಬಿಡಾರದಲ್ಲೂ ಶಿಲುಬೆಗಳನ್ನು ನೆಟ್ಟಿದ್ದರು, ಅಲ್ಲೇ ಕೆಲವರು ಬಂದು ತಮ್ಮ ಮಗನ ಹೆಸರಿನ ಶಿಲುಬೆಯನ್ನು ಕಿತ್ತುಕೊಂಡು ಹೋದರು. ಅದಕ್ಕೆ ಇರುವ ಉತ್ತರ ಒಂದೇ: ಕೇಳಿದ ತಕ್ಷಣ, ಮರುಮಾತಿಲ್ಲದೆ, ಹೆಸರಿನ ಚೀಟಿಯನ್ನು ತೆಗೆದು ಅವರ ಕೈಗೆ ಕೊಡುವುದು. ಶಿಲುಬೆ ಹೆಸರಿಲ್ಲದೆ ನಿಲ್ಲಲಿ. ಇದಕ್ಕಾಗಿಯೇ ಹೆಸರನ್ನು ಮರದ ಮೇಲೆ ಬಣ್ಣದಲ್ಲಿ ಬರೆಯದೆ, ಬಿಚ್ಚಿ ತೆಗೆಯುವ ಚೀಟಿಯಲ್ಲಿ ಬರೆಯುವುದು ಒಳ್ಳೆಯದು. ಹೆಸರು ಹಣಕ್ಕೆ ಅಂಟಿದಾಗ ವಿವಾದ ಇನ್ನೂ ದೊಡ್ಡದು. ಸತ್ತವರ ಹೆಸರುಗಳನ್ನು ಅಚ್ಚು ಹಾಕಿದ ಯುದ್ಧವಿರೋಧಿ ಟೀ ಶರ್ಟ್ ಮಾರಾಟಕ್ಕೆ ಬಂದಾಗ ಅರಿಝೋನಾ ಸೇರಿ ಕೆಲವು ರಾಜ್ಯಗಳು ಅದನ್ನು ತಡೆಯುವ ಕಾನೂನು ತಂದವು. ಆ ಶರ್ಟ್‌ಗಳ ವಿಷಯದಲ್ಲಿ ಅರಿಝೋನಾದ ಕಾನೂನು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕಾನೂನು ಏನೇ ಇರಲಿ, ಜಾಗರಣೆಯ ಜಾಗದಲ್ಲಿ ಏನನ್ನೂ ಮಾರಬಾರದು, ದೇಣಿಗೆ ಡಬ್ಬಿಯನ್ನೂ ಹೆಸರಿನ ಪಟ್ಟಿಯ ಪಕ್ಕ ಇಡಬಾರದು.

ಓದುವ ಲೆಕ್ಕ

2004ರ ಏಪ್ರಿಲ್ 30ರಂದು ಅಮೆರಿಕದ ‘ನೈಟ್‌ಲೈನ್’ ಟಿವಿ ಕಾರ್ಯಕ್ರಮದಲ್ಲಿ ಟೆಡ್ ಕೊಪ್ಪೆಲ್ ಅವರು 721 ಯೋಧರ ಮುಖ ತೋರಿಸುತ್ತಾ ಹೆಸರು ಓದಿದರು. ಎಂದಿನ ಅರ್ಧ ಗಂಟೆ ಅದಕ್ಕೆ ಸಾಲಲಿಲ್ಲ. ಟಿವಿಯಲ್ಲಿ ಒಂದು ಹೆಸರಿಗೆ ಮೂರು ಸೆಕೆಂಡು ಸಾಕಾಗಬಹುದು. ಬಯಲಿನಲ್ಲಿ ದರ್ಜೆ, ಹೆಸರು, ವಯಸ್ಸು ಹೇಳಿ ಉಸಿರು ತೆಗೆದುಕೊಳ್ಳಲು ಐದು ಸೆಕೆಂಡು ಬೇಕು. ನೂರು ಹೆಸರಿಗೆ ಎಂಟು ನಿಮಿಷಕ್ಕೂ ಸ್ವಲ್ಪ ಹೆಚ್ಚು. ಸಾವಿರಕ್ಕೆ ಒಂದು ಗಂಟೆ ಇಪ್ಪತ್ತಮೂರು ನಿಮಿಷ. 4,500ಕ್ಕೆ ಆರೂಕಾಲು ಗಂಟೆ. ಗಂಟೆ ಬಾರಿಸುವುದಾದರೆ ಪ್ರತಿ ಹೆಸರಿಗಲ್ಲ, ಹತ್ತಕ್ಕೊಮ್ಮೆ ಬಾರಿಸಬೇಕು. ಇಲ್ಲವಾದರೆ ಹಿಂದಿನ ಗಂಟೆಯ ಗುಂಯ್‌ಗುಡುವಿಕೆಯಲ್ಲಿ ಮುಂದಿನ ಹೆಸರು ಮುಳುಗುತ್ತದೆ.

ಆದ್ದರಿಂದ ಒಂದು ಗಂಟೆಯ ಜಾಗರಣೆಯಲ್ಲಿ ಎಲ್ಲ ಹೆಸರನ್ನೂ ಓದುವ ಆಸೆ ಬಿಡಬೇಕು. ಆ ತಿಂಗಳು ಸತ್ತವರು, ಅಥವಾ ಆ ರಾಜ್ಯದವರು. ಅಷ್ಟು ಸಾಕು. ಗಡಿಬಿಡಿಯಲ್ಲಿ ಓದಿದ ಸಾವಿರ ಹೆಸರಿಗಿಂತ ನಿಧಾನವಾಗಿ ಓದಿದ ಅರವತ್ತು ಹೆಸರು ಮನಸ್ಸಿಗೆ ಇಳಿಯುತ್ತದೆ. ಒಬ್ಬರೇ ಓದಿದರೆ ಹದಿನೈದು ನಿಮಿಷದಲ್ಲಿ ದನಿ ಒಣಗಿ, ಪಟ್ಟಿ ಓದುವ ಏಕತಾನ ಬರುತ್ತದೆ. ಐವತ್ತು ಹೆಸರಿಗೊಮ್ಮೆ ಓದುವವರು ಬದಲಾಗಲಿ. ಅಕ್ಷರ ದೊಡ್ಡದಿರಲಿ, ಹಾಳೆಯ ಒಂದೇ ಬದಿಗೆ ಅಚ್ಚಾಗಿರಲಿ. ಕತ್ತಲಲ್ಲಿ, ಗಾಳಿಯಲ್ಲಿ ಹಾಳೆ ತಿರುಗಿಸುವುದು ಸುಲಭವಲ್ಲ. ದರ್ಜೆಯ ಸಂಕ್ಷಿಪ್ತ ರೂಪಗಳನ್ನು ಮೊದಲೇ ಬಿಡಿಸಿ ಬರೆದಿರಬೇಕು. ‘ಎಸ್‌ಪಿಸಿ’ ಎಂದು ಅಕ್ಷರ ಓದುವುದಲ್ಲ, ಅದು ‘ಸ್ಪೆಷಲಿಸ್ಟ್’.

ಉಚ್ಚಾರಣೆಗೆ ವಿಶೇಷ ಕಾಳಜಿ ಬೇಕು. ಅಮೆರಿಕದ ಸೇನೆಯಲ್ಲಿ ಮೆಕ್ಸಿಕೋ ಮೂಲದ, ಫಿಲಿಪೈನ್ಸ್ ಮೂಲದ, ಪೋಲೆಂಡ್ ಮೂಲದ ಹೆಸರುಗಳು ಧಾರಾಳ. ಮಗನ ಹೆಸರನ್ನು ತಪ್ಪಾಗಿ ಕೂಗುವುದನ್ನು ತಾಯಿಯೊಬ್ಬಳು ಮೇಣದಬತ್ತಿ ಹಿಡಿದು ಕೇಳುತ್ತಾ ನಿಂತಿರಬಹುದು. ಹಿಂದಿನ ದಿನವೇ ಎಲ್ಲ ಹೆಸರನ್ನೂ ಒಮ್ಮೆ ಗಟ್ಟಿಯಾಗಿ ಓದಿ, ತೊಡಕಿನವನ್ನು ಉಚ್ಚಾರಣೆ ಇದ್ದಂತೆ ಬರೆದಿಟ್ಟುಕೊಳ್ಳಬೇಕು.

ನಿಲ್ಲುವ ಜಾಗ

ಬೆಂಗಳೂರಿನ ಓದುಗರಿಗೆ ಇದು ಹೊಸದೆನಿಸಬಹುದು. ಇಲ್ಲಿ 2021ರ ಆದೇಶದ ನಂತರ ಪ್ರತಿಭಟನೆ ಎಂದರೆ ಫ್ರೀಡಂ ಪಾರ್ಕ್, ಅದಕ್ಕೂ ಪೊಲೀಸರ ಅನುಮತಿ. ಅಮೆರಿಕದಲ್ಲಿ ಪಾದಚಾರಿ ರಸ್ತೆಯನ್ನೂ ಬಾಗಿಲುಗಳನ್ನೂ ಅಡ್ಡಗಟ್ಟದೆ, ಮೈಕ್ ಇಲ್ಲದೆ ಚಿಕ್ಕ ಗುಂಪು ಸುಮ್ಮನೆ ನಿಲ್ಲುವುದಕ್ಕೆ ಬಹುತೇಕ ಊರುಗಳಲ್ಲಿ ಅನುಮತಿ ಬೇಡ. ಸರಕಾರ ಸಮಯ, ಜಾಗ, ರೀತಿಗಳ ಮೇಲೆ ನಿಯಮ ಹಾಕಬಹುದು, ಫಲಕದ ಮಾತು ಇಷ್ಟವಾಗಲಿಲ್ಲ ಎಂದು ತಡೆಯುವಂತಿಲ್ಲ. ವಾಷಿಂಗ್ಟನ್‌ನ ರಾಷ್ಟ್ರೀಯ ಉದ್ಯಾನಗಳ ಜಾಗದಲ್ಲಿ ಸಾಮಾನ್ಯವಾಗಿ 25 ಜನರವರೆಗಿನ ಪ್ರದರ್ಶನಕ್ಕೆ ಅನುಮತಿ ಬೇಕಿಲ್ಲ. ಮೈಕ್ ತಂದ ಕೂಡಲೇ, ನೆಲದಲ್ಲಿ ಏನನ್ನಾದರೂ ನೆಟ್ಟ ಕೂಡಲೇ ಲೆಕ್ಕ ಬೇರೆ. ಕಡಲತೀರ, ಉದ್ಯಾನಗಳಲ್ಲಿ ಶಿಲುಬೆ ನೆಡಲು ನಗರಾಡಳಿತದ ಒಪ್ಪಿಗೆ ಪಡೆಯಬೇಕು, ಅದೂ ಅದೇ ದಿನ ತೆಗೆಯುವ ಷರತ್ತಿನ ಮೇಲೆ ಸಿಗುವುದೇ ಹೆಚ್ಚು. ವೀಸಾದ ಮೇಲಿರುವ ನಮ್ಮವರು ಭಾಗವಹಿಸುವ ಮುನ್ನ ವಲಸೆ ವಕೀಲರನ್ನು ಕೇಳುವುದು ಲೇಸು. ರಸ್ತೆ ತಡೆಯಂಥ ಬಂಧನ ತರುವ ಕೆಲಸಗಳಿಂದಂತೂ ದೂರವಿರಬೇಕು.

ಖಾಸಗಿ ಜಮೀನಾದರೆ ದಿನವೂ ಕೀಳಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಪೂರ್ವಕ್ಕಿರುವ ಲಫಾಯೆಟ್ ಊರಿನಲ್ಲಿ, ಬಾರ್ಟ್ ರೈಲು ನಿಲ್ದಾಣದ ಎದುರಿನ ಗುಡ್ಡದ ಮೇಲೆ 2006ರ ನವೆಂಬರ್‌ನಲ್ಲಿ ಶಿಲುಬೆಗಳು ಎದ್ದದ್ದು ಹಾಗೆ, ಜಮೀನಿನ ಒಡೆಯರ ಒಪ್ಪಿಗೆಯಿಂದ. ಆ ರೈಲಿನಲ್ಲಿ ದಿನಾ ಓಡಾಡಿದ ಕನ್ನಡಿಗರೂ ಅದನ್ನು ಕಿಟಕಿಯಿಂದ ಕಂಡಿರುತ್ತಾರೆ. ಸತ್ತವರ ಸಂಖ್ಯೆ ಬರೆದ ದೊಡ್ಡ ಫಲಕ ಅಲ್ಲಿತ್ತು, ಮೊದಲು ಅದರ ಮೇಲಿದ್ದ ಅಂಕಿ 2,839. ಯಾರೋ ಅದನ್ನು ಕಿತ್ತರು, ಮತ್ತೆ ನಿಲ್ಲಿಸಲಾಯಿತು, ಅದರ ಅಳತೆ ನಿಯಮಕ್ಕೆ ಸರಿಯೇ ಎಂದು ನಗರಸಭೆಯಲ್ಲಿ ಚರ್ಚೆಯಾಯಿತು. ಶಿಲುಬೆಗಿಂತ ಫಲಕವೇ ಜನರನ್ನು ಕೆರಳಿಸಿದ್ದನ್ನು ಗಮನಿಸಬೇಕು.

ನಿಲ್ಲಬಾರದ ಜಾಗವೂ ಇದೆ. ಸೈನಿಕನ ಅಂತ್ಯಕ್ರಿಯೆಯ ಹತ್ತಿರ ಎಂದಿಗೂ ಹೋಗಬಾರದು. ರಾಷ್ಟ್ರೀಯ ಸ್ಮಶಾನಗಳಲ್ಲಿ ಅಂತ್ಯಕ್ರಿಯೆಯ ಆಚೀಚೆ ಒಂದೊಂದು ಗಂಟೆ ಪ್ರದರ್ಶನಕ್ಕೆ 2006ರಲ್ಲೇ ಕಾನೂನಿನ ತಡೆ ಬಂತು, 2012ರಲ್ಲಿ ಅದು ಎರಡೆರಡು ಗಂಟೆಯಾಯಿತು. ಅದು ಬಂದದ್ದು ಶಾಂತಿ ಜಾಗರಣೆಗಳಿಂದಲ್ಲ, ಸತ್ತವರ ಮನೆಯವರನ್ನು ಹೀಯಾಳಿಸಲು ಬರುತ್ತಿದ್ದ ಒಂದು ಧಾರ್ಮಿಕ ಗುಂಪಿನಿಂದ. ಕಾನೂನು ಇಲ್ಲದಿದ್ದರೂ ಆ ಗಳಿಗೆ ಕುಟುಂಬದ್ದು.

ಶಿಲುಬೆ, ಬೆಳಕು

ಮರಳಿನಲ್ಲಿ ಸಾಲು ನೇರವಾಗಿ ಬರಬೇಕೆಂದರೆ ಕಣ್ಣಳತೆ ನಂಬಬಾರದು. ಎರಡು ತುದಿಗೆ ಗೂಟ ಹೊಡೆದು, ಮೂರಡಿಗೊಂದು ಗಂಟು ಹಾಕಿದ ಹುರಿ ಎಳೆದು ಗಂಟಿಗೊಂದು ನೆಡಬೇಕು, ನಮ್ಮಲ್ಲಿ ಸಸಿ ನೆಡುವವರು ಹುರಿ ಹಿಡಿದಂತೆ. ಒಣ ಮರಳು ಹಿಡಿಯುವುದಿಲ್ಲ, ಮೇಲಿನ ಪದರ ಸರಿಸಿ ಒದ್ದೆ ಮರಳಿಗೆ ಇಳಿಸಿದರೆ ನಿಲ್ಲುತ್ತದೆ. ಉಬ್ಬರದ ಗೆರೆಗಿಂತ ಮೇಲೆಯೇ ಇರಬೇಕು, ಆ ದಿನದ ಉಬ್ಬರವಿಳಿತದ ಪಟ್ಟಿ ನೋಡದೆ ಶುರು ಮಾಡಬಾರದು. ಒಂದಕ್ಕೆ ಅರ್ಧ ನಿಮಿಷ ಎಂದರೂ ಮೂರು ಸಾವಿರಕ್ಕೆ ಇಪ್ಪತ್ತೈದು ಗಂಟೆಯ ಕೆಲಸ, ಹನ್ನೆರಡು ಜನಕ್ಕೆ ಎರಡು ಗಂಟೆಗೂ ಮಿಕ್ಕಿ. ಕೀಳುವುದಕ್ಕೆ ಅಷ್ಟು ಹೊತ್ತು ಬೇಡ, ಆದರೆ ದಣಿದ ಕೈಗಳು ಆಗ ಬೇಕು. ಸಂಜೆ ಕೀಳಲು ಜನ ಸಿಗದಿದ್ದರೆ ಜಾಗರಣೆ ಮುಂದುವರಿಯುವುದು ಕಷ್ಟ.

ಸಂಖ್ಯೆ ಏರಿದಂತೆ ಸಾಂಟಾ ಮೋನಿಕಾದವರು ಹತ್ತು ಸಾವಿಗೆ ಒಂದು ಕೆಂಪು ಶಿಲುಬೆ ಎಂದು ಮಾಡಿಕೊಂಡರು. ಅನಿವಾರ್ಯವೇ ಸರಿ. ಆದರೂ ಒಬ್ಬರಿಗೆ ಒಂದು ಎಂಬುದು ಹೋದಾಗ ಏನೋ ಕಳೆದುಹೋಗುತ್ತದೆ. ಕೈ ಸಾಲದಿದ್ದರೆ ಒಂದು ರಾಜ್ಯದವರನ್ನಷ್ಟೇ ಆರಿಸಿ, ಒಬ್ಬೊಬ್ಬರಿಗೂ ಒಂದೊಂದು ನೆಡುವುದು ಮೇಲು. ಎಲ್ಲರಿಗೂ ಶಿಲುಬೆಯೇ ಹಾಕಿದರೆ ಯಹೂದಿ, ಮುಸ್ಲಿಂ ಸೈನಿಕರ ಕುಟುಂಬಕ್ಕೆ ನೋವಾಗುತ್ತದೆ. ಆದ್ದರಿಂದ ಆರು ಮೂಲೆಯ ನಕ್ಷತ್ರ, ಅರ್ಧಚಂದ್ರಗಳೂ ಸೇರಿದವು. ಧರ್ಮ ಗೊತ್ತಿಲ್ಲದ ಕಡೆ ಬರೀ ಬಿಳಿ ಗೂಟ ಸಾಕು.

ಅಮೆರಿಕದ ಬಾವುಟ ಹೊದಿಸಿದ ಸಾಂಕೇತಿಕ ಶವಪೆಟ್ಟಿಗೆ ಇಡುವುದಾದರೆ ಬಾವುಟದ ನಕ್ಷತ್ರಗಳ ನೀಲಿ ಭಾಗ ಸತ್ತವನ ತಲೆಯ ಕಡೆ, ಎಡ ಭುಜದ ಮೇಲೆ ಬರಬೇಕು. ಅಂಚು ನೆಲಕ್ಕೆ ತಾಗಬಾರದು. ತಿರುಗುಮುರುಗು ಹೊದಿಸಿದ್ದನ್ನು ಮಾಜಿ ಸೈನಿಕರು ಐವತ್ತು ಅಡಿ ದೂರದಿಂದಲೇ ಗುರುತಿಸುತ್ತಾರೆ, ಆಮೇಲೆ ನೀವು ಹೇಳುವ ಒಂದು ಮಾತನ್ನೂ ಕೇಳುವುದಿಲ್ಲ.

ಮೇಣದಬತ್ತಿಯ ಸಂಗತಿ ಚಿಕ್ಕದಾಗಿ ಕಾಣುತ್ತದೆ, ಆದರೆ ಗಾಳಿಯಿರುವ ಬೀದಿಯಲ್ಲಿ ಅರ್ಧ ಜನ ಬತ್ತಿ ಹಚ್ಚುವುದರಲ್ಲೇ ಇರುತ್ತಾರೆ, ಮೌನ ಉಳಿಯುವುದಿಲ್ಲ. ಕಾಗದದ ಲೋಟದ ತಳಕ್ಕೆ ಅಡ್ಡಗೀರು ಹಾಕಿ ಬತ್ತಿಯನ್ನು ಕೆಳಗಿನಿಂದ ತೂರಿಸಿದರೆ ಲೋಟವೇ ಗಾಳಿಮರೆ, ಮೇಣವೂ ಕೈಮೇಲೆ ಬೀಳದು. ಜ್ವಾಲೆ ಲೋಟದ ಅಂಚಿನ ಮಟ್ಟಕ್ಕೆ ಇಳಿಯುವ ಮುನ್ನ ಬತ್ತಿಯನ್ನು ಮೇಲಕ್ಕೆ ನೂಕುತ್ತಿರಬೇಕು, ಮರೆತರೆ ಲೋಟವೇ ಹೊತ್ತಿಕೊಳ್ಳುತ್ತದೆ. ಒಬ್ಬರಿಂದ ಒಬ್ಬರಿಗೆ ಹಚ್ಚುವಾಗ ಉರಿಯುತ್ತಿರುವ ಬತ್ತಿಯನ್ನು ನೇರವಾಗಿಯೇ ಹಿಡಿದು, ಹಚ್ಚದ ಬತ್ತಿಯನ್ನು ಅದರ ಕಡೆ ಬಾಗಿಸಬೇಕು. ಉರಿಯುವುದನ್ನು ಬಾಗಿಸಿದರೆ ಕರಗಿದ ಮೇಣ ಎದುರಿನವರ ಕೈಮೇಲೆ. ದಾರಿಯಂಚಿಗೆ ಸಾಲು ದೀಪ ಬೇಕಾದರೆ ಬಿಳಿ ಕಾಗದದ ಚೀಲಕ್ಕೆ ಎರಡು ಬೆರಳು ಮರಳು ಹಾಕಿ ಚಿಕ್ಕ ಟೀ ಲೈಟ್ ಇಡುತ್ತಾರೆ, ಅದು ಮೂರು ನಾಲ್ಕು ಗಂಟೆ ಉರಿಯುತ್ತದೆ. ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚಿನ ಕಾಲದಲ್ಲಿ ಬ್ಯಾಟರಿ ದೀಪವೇ ಸರಿ.

ಆ ಒಂದು ಗಂಟೆ

ಮೊದಲ ಹತ್ತು ನಿಮಿಷ ಜನ ಕೂಡಲು, ದೀಪ ಹಚ್ಚಲು. ಒಬ್ಬರು ಎರಡೇ ನಿಮಿಷದಲ್ಲಿ ಯಾಕೆ ನಿಂತಿದ್ದೇವೆ ಎಂದು ಹೇಳಬೇಕು, ಯುದ್ಧ ನಿಲ್ಲಲಿ ಎಂಬ ಬೇಡಿಕೆಯನ್ನು ಇಲ್ಲೇ, ಸ್ಪಷ್ಟವಾಗಿ. ನಂತರ ಹೆಸರುಗಳು, ಕೊನೆಗೆ ಐದು ನಿಮಿಷ ಪೂರ್ಣ ಮೌನ. ಮುಗಿಸುವಾಗ ಕೆಲವು ಕಡೆ ಸೈನಿಕ ಅಂತ್ಯಕ್ರಿಯೆಯ ‘ಟ್ಯಾಪ್ಸ್’ ಕಹಳೆ ಊದುತ್ತಾರೆ. ಒಟ್ಟು 24 ಸ್ವರ, ಒಂದು ನಿಮಿಷದ ಆಸುಪಾಸು. ಊದಬಲ್ಲವರಿಲ್ಲದಿದ್ದರೆ ಧ್ವನಿಮುದ್ರಿಕೆ ಹಾಕುವುದಕ್ಕಿಂತ ಬಿಡುವುದು ಒಳ್ಳೆಯದು. ಭಾಷಣ ಬೆಳೆಯಿತೆಂದರೆ ಜಾಗರಣೆ ಸಭೆಯಾಗುತ್ತದೆ, ಚುನಾವಣೆಗೆ ನಿಂತವರಿಗೆ ಮೈಕ್ ಕೊಟ್ಟರೆ ಮಾರನೆಯ ವಾರ ಸೈನಿಕರ ಕುಟುಂಬಗಳು ಬರುವುದಿಲ್ಲ.

ಫಲಕಗಳು ಎರಡು ಮೂರು ಸಾಕು. ಒಂದರಲ್ಲಿ ಸಂಖ್ಯೆ, ಒಂದರಲ್ಲಿ ಬೇಡಿಕೆ. ಚಲಿಸುವ ಕಾರಿನಿಂದ ಓದಲು ಅಕ್ಷರ ಅಂಗೈಯಗಲವಾದರೂ ಇರಬೇಕು, ಮಾತು ಐದು ಪದ ಮೀರಬಾರದು. ಅಧ್ಯಕ್ಷನ ವ್ಯಂಗ್ಯಚಿತ್ರ, ಬೈಗುಳ ಇವು ಮೆರವಣಿಗೆಗೆ ಹೊಂದುತ್ತವೆ, ಇಲ್ಲಿ ಅಲ್ಲ. ಕರ್ತವ್ಯದಲ್ಲಿರುವ ಸೈನಿಕರು ಸಮವಸ್ತ್ರದಲ್ಲಿ ಇಂಥ ಕಡೆ ಭಾಗವಹಿಸುವಂತಿಲ್ಲ. ರಜೆಯಲ್ಲಿ, ಸಾದಾ ಬಟ್ಟೆಯಲ್ಲಿ ಬಂದವರ ಫೋಟೊವನ್ನು ಕೇಳದೆ ತೆಗೆಯಬಾರದು.

ಬೈಯಲು ಬರುವವರು ಇರುತ್ತಾರೆ. ಟೆಕ್ಸಾಸ್‌ನಲ್ಲಿ 2005ರ ಆಗಸ್ಟ್‌ನ ಒಂದು ರಾತ್ರಿ ಒಬ್ಬಾತ ತನ್ನ ಪಿಕಪ್ ಟ್ರಕ್ಕನ್ನು ಶೀಹನ್ ಬಿಡಾರದ ಶಿಲುಬೆಗಳ ಸಾಲಿನ ಮೇಲೆಯೇ ಓಡಿಸಿದ, ಬಂಧನವೂ ಆಯಿತು. ಸಾಮಾನ್ಯವಾಗಿ ಬರುವುದು ಹಾರ್ನ್, ಕೂಗು, ‘ನಮ್ಮ ಹುಡುಗರಿಗೆ ದ್ರೋಹ’ ಎಂಬ ಮಾತು. ಸಾಲಿನಲ್ಲಿ ನಿಂತವರು ಉತ್ತರಿಸಬಾರದು. ಅದಕ್ಕೆಂದೇ ಇಪ್ಪತ್ತೈದು ಜನಕ್ಕೊಬ್ಬರಂತೆ ಶಾಂತಿಪಾಲಕರು ಸಾಲಿನ ಹೊರಗಿರಬೇಕು. ಅವರು ಕೂಗುವವರ ಪಕ್ಕಕ್ಕೆ, ಎದುರಿಗಲ್ಲ, ನಿಂತು ತಗ್ಗಿದ ದನಿಯಲ್ಲಿ ನಿಮ್ಮವರು ಯಾರಾದರೂ ಅಲ್ಲಿದ್ದಾರೆಯೇ ಎಂದು ಕೇಳುತ್ತಾರೆ. ಎಷ್ಟೋ ಸಲ ಇದ್ದಾರೆ ಎಂಬುದೇ ಉತ್ತರ. ಆಗ ಮಾತು ಬೇರೆಯಾಗುತ್ತದೆ.

ಬಾಯಿಬಿಡದೆ ನಿಲ್ಲುವ ಈ ಶಿಸ್ತನ್ನು ಬಹಳ ಕಠಿಣವಾಗಿ ಪಾಲಿಸಿದವರು ‘ವಿಮೆನ್ ಇನ್ ಬ್ಲ್ಯಾಕ್’ ಮಹಿಳೆಯರು. 1988ರ ಜನವರಿಯಲ್ಲಿ ಜೆರುಸಲೇಮಿನಲ್ಲಿ ಶುಕ್ರವಾರ ಮಧ್ಯಾಹ್ನ ಕಪ್ಪುಡುಗೆಯಲ್ಲಿ ನಿಂತರು, 1991ರ ಅಕ್ಟೋಬರ್‌ನಿಂದ ಬೆಲ್‌ಗ್ರೇಡ್‌ನಲ್ಲಿ ತಮ್ಮದೇ ಸರಕಾರದ ಯುದ್ಧಗಳ ವಿರುದ್ಧ ನಿಂತರು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳೂ ಕಪ್ಪು ಸೀರೆಯುಟ್ಟು ಹೀಗೆಯೇ ಬೀದಿಯಂಚಿನಲ್ಲಿ ನಿಂತರು.

ಮಡಿಸುವುದು

ಗಂಟೆ ಮುಗಿದ ಕೂಡಲೇ ಹೆಸರಿನ ಚೀಟಿಗಳನ್ನು ಮೊದಲು ಬಿಚ್ಚಬೇಕು, ಸಾಲಿನ ಕ್ರಮದಲ್ಲೇ ಡಬ್ಬಿಗೆ. ಕ್ರಮ ತಪ್ಪಿದರೆ ಮುಂದಿನ ವಾರ ತನ್ನವರ ಹೆಸರು ಹುಡುಕಿಕೊಂಡು ಬಂದವರಿಗೆ ಅದು ಸಿಗುವುದಿಲ್ಲ. ಭೇಟಿಗೆ ಬಂದವರು ಶಿಲುಬೆಗೆ ಕಟ್ಟಿಹೋದ ಪತ್ರ, ಫೋಟೊ, ಒಣಗಿದ ಹೂವನ್ನು ಕಸಕ್ಕೆ ಹಾಕಬಾರದು, ಆ ಹೆಸರಿನ ಲಕೋಟೆಯಲ್ಲಿ ಇಟ್ಟು ಮುಂದಿನ ವಾರ ಅಲ್ಲೇ ಕಟ್ಟಬೇಕು. ನಂತರ ಶಿಲುಬೆಗಳನ್ನು ಇಪ್ಪತ್ತೈದರ ಕಟ್ಟು ಮಾಡಿ, ಮರಳು ಕೊಡವಿ ಲೆಕ್ಕ ಹಾಕಿ ತುಂಬುವುದು.

ಶವಪೆಟ್ಟಿಗೆಗೆ ಹೊದಿಸುವ ಬಾವುಟ ಐದಡಿ ಅಗಲ, ಒಂಬತ್ತೂವರೆ ಅಡಿ ಉದ್ದ. ಒಬ್ಬರಿಂದ ಮಡಿಸಲಾಗದು. ಇಬ್ಬರು ಎರಡು ತುದಿ ಹಿಡಿದು ಬಿಗಿಯಾಗಿ ಎಳೆದು, ಉದ್ದುದ್ದಕ್ಕೆ ಎರಡು ಸಲ ಮಡಿಸಿ, ಪಟ್ಟೆಗಳ ತುದಿಯಿಂದ ತ್ರಿಕೋನವಾಗಿ ಮಡಿಸುತ್ತಾ ನಕ್ಷತ್ರಗಳ ಕಡೆ ಬರಬೇಕು. ಒಟ್ಟು ಹದಿಮೂರು ಮಡಿಕೆ. ಸರಿಯಾಗಿ ಬಂದರೆ ಕೊನೆಗೆ ಕೆಂಪು ಎಲ್ಲೂ ಕಾಣುವುದಿಲ್ಲ, ನೀಲಿ ಮಾತ್ರ. ಕೆಂಪಿನ ಅಂಚು ಹೊರಗೆ ಉಳಿದಿದ್ದರೆ ಬಿಚ್ಚಿ ಮೊದಲಿನಿಂದ.